ಪದ್ಯ ಒಂದೇ, ವಾಲಿ ಬೇರೆ: ತಾಳಮದ್ದಳೆಯಲ್ಲಿ ಪಾತ್ರಗಳ ಮರುವ್ಯಾಖ್ಯಾನ

ರಾಮನ ಬಾಣಕ್ಕೆ ಬಿದ್ದ ವಾಲಿಯ ಆಕ್ಷೇಪಕ್ಕೆ ವಾಲ್ಮೀಕಿ ಕಿಷ್ಕಿಂಧಾಕಾಂಡದ 17ನೆಯ ಸರ್ಗವನ್ನೂ ರಾಮನ ಸಮಾಧಾನಕ್ಕೆ 18ನೆಯದನ್ನೂ ಮೀಸಲಿಟ್ಟಿದ್ದಾನೆ. ರಾಮನ ಮಾತು ಮುಗಿಯುತ್ತಲೇ ವಾಲಿ ಕೈಮುಗಿಯುತ್ತಾನೆ. ಅಲ್ಲಿಗೆ ವಾದ ತೀರಿತು. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆ ಕೂಟಗಳಲ್ಲಿ ಅದು ಅಷ್ಟು ಬೇಗ ತೀರುವುದಿಲ್ಲ. ಅದೇ ಆಕ್ಷೇಪ, ಅದೇ ಸಮಾಧಾನ ಗಂಟೆಗಟ್ಟಲೆ ಬೆಳೆಯುತ್ತದೆ. ಕೂಟ ಮುಗಿಸಿ ಮನೆಗೆ ಹೊರಟವರು ಸತ್ತವನೇ ಗೆದ್ದನೆಂದು ಮಾತಾಡಿಕೊಳ್ಳುವುದೂ ಉಂಟು.

ಪುರಾಣಪಾತ್ರಗಳ ಮರುವ್ಯಾಖ್ಯಾನದ ಚರಿತ್ರೆ ಬರೆಯುವಾಗ ನಾವು ಸಾಮಾನ್ಯವಾಗಿ ಪಂಪ, ರನ್ನ, ನಾಗಚಂದ್ರ, ಕುಮಾರವ್ಯಾಸ, ಕುವೆಂಪು ಎಂದು ಶಿಖರದಿಂದ ಶಿಖರಕ್ಕೆ ಹಾರುತ್ತೇವೆ. ನಡುವಿನ ಬಯಲಿನಲ್ಲಿ ಆ ಪಾತ್ರಗಳನ್ನು ಮೆಚ್ಚಿ, ಹಗಲು ಅಧ್ಯಾಪಕರೋ ವಕೀಲರೋ ಕೃಷಿಕರೋ ಆಗಿದ್ದು, ರಾತ್ರಿ ರಾವಣನಾಗಿ ಮಾತಾಡಿದವರ ಕೊಡುಗೆ ಅಡಿಟಿಪ್ಪಣಿಗೆ ಸರಿಯುತ್ತದೆ. ಪಶ್ಚಿಮದಲ್ಲಿ ಅಭಿಮಾನಿಗಳ ಅಧ್ಯಯನ ಒಂದು ಶಿಸ್ತಾಗಿ ಬೆಳೆದದ್ದು ಹೆನ್ರಿ ಜೆಂಕಿನ್ಸ್‌ನ 1992ರ ಪುಸ್ತಕದ ಬಳಿಕ. ಅದರ ಗಮನವೆಲ್ಲ ಹೆಚ್ಚಾಗಿ ಬರೆಯುವ ಅಭಿಮಾನಿಗಳ ಮೇಲೆ. ತಾಳಮದ್ದಳೆಯಲ್ಲಿ ಪದ್ಯಕ್ಕೆ ಅರ್ಥ ಹೇಳುವ ನಮ್ಮ ಅರ್ಥಧಾರಿ ಬರೆಯಲಿಲ್ಲ, ಆಡಿದ. ಅವನು ಏನನ್ನು ಬದಲಿಸಬಲ್ಲ, ಏನನ್ನು ಬದಲಿಸಲಾರ ಎಂಬುದನ್ನು ಗುರುತಿಸಿದರೆ ಕನ್ನಡದ ಮರುವ್ಯಾಖ್ಯಾನಗಳಲ್ಲಿ ಎರಡು ಬೇರೆ ಬೇರೆ ದಾರಿಗಳಿದ್ದುದು ಕಾಣುತ್ತದೆ: ಕಥೆಯನ್ನೇ ತಿದ್ದುವ ಕವಿಗಳ ದಾರಿ ಒಂದು, ಕಥೆಯನ್ನು ಮುಟ್ಟದೆ ಕಾರಣವನ್ನು ತಿದ್ದುವ ಅರ್ಥಧಾರಿಗಳ ದಾರಿ ಇನ್ನೊಂದು. ಈ ಲೇಖನದ ವಾದ ಇಷ್ಟೆ.

ಕಥೆ ತಿದ್ದಿದವರು

ವಾಲಿಯನ್ನೇ ತೆಗೆದುಕೊಳ್ಳೋಣ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’ದಿಂದ ಹರಿದುಬಂದ ಜೈನ ರಾಮಕಥೆಯಲ್ಲಿ ಮರೆಯಲ್ಲಿ ನಿಂತು ಕೊಂದ ಆರೋಪವೇ ರಾಮನ ಮೇಲಿಲ್ಲ. ವಾಲಿ ಸುಗ್ರೀವನಿಗೆ ರಾಜ್ಯ ಒಪ್ಪಿಸಿ ದೀಕ್ಷೆ ಪಡೆದು ತಪಸ್ಸಿಗೆ ಹೋಗಿಬಿಡುತ್ತಾನೆ. ರಾಮನಿಂದ ಸಾಯುವವನು ಸುಗ್ರೀವನ ವೇಷ ಹಾಕಿಕೊಂಡು ಬಂದ ಬೇರೊಬ್ಬ ಖೇಚರ. ಪ್ರಶ್ನೆ ಹುಟ್ಟುವ ಜಾಗವನ್ನೇ ಜೈನ ಕವಿಗಳು ಕಿತ್ತುಹಾಕಿದರು. ಸುಮಾರು 1100ರ ನಾಗಚಂದ್ರ ಇದೇ ಪರಂಪರೆಯವನು. ಅವನ ರಾವಣ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತಸ್ಥ. ಸೀತೆಯ ನಿಲುವು ಕಂಡು ಅವನ ಮನಸ್ಸು ತಿರುಗುತ್ತದೆ. ಆದರೆ ಈಗಲೇ ಒಪ್ಪಿಸಿದರೆ ಅಂಜಿದನೆಂದಾರು. ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಸೆರೆಹಿಡಿದ ಮೇಲೆ ಒಪ್ಪಿಸುವೆನೆಂದು ಹೊರಟು ಲಕ್ಷ್ಮಣನಿಂದ ಹತನಾಗುತ್ತಾನೆ. ಬಿ.ಎಂ.ಶ್ರೀಯವರು ಈ ರಾವಣನಲ್ಲಿ ಗ್ರೀಕ್ ದುರಂತನಾಯಕನ ಲಕ್ಷಣಗಳನ್ನು ಕಂಡದ್ದು, ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕ’ವಾಗಿಸಿ ದುರ್ಯೋಧನನನ್ನು ಹೊಸ ಓದುಗರ ಮುಂದೆ ನಿಲ್ಲಿಸಿದ್ದು, ಸೊಫೊಕ್ಲಿಸನ ಏಜಾಕ್ಸ್‌ನನ್ನು ಅಶ್ವತ್ಥಾಮನಲ್ಲಿ ಇಳಿಸಿದ್ದು ಒಂದೇ ಒಲವಿನ ಕೆಲಸಗಳು.

ಪಂಪ 941ರಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕಾಣಿಸಬೇಕಾಗಿತ್ತಲ್ಲ. ಜಾನಪದ ಇನ್ನೂ ಧಾರಾಳಿ: ಎ.ಕೆ. ರಾಮಾನುಜನ್ ತಮ್ಮ ಹೆಸರಾಂತ ರಾಮಾಯಣ ಪ್ರಬಂಧದಲ್ಲಿ ಚರ್ಚಿಸಿದ ಕನ್ನಡ ಹಾಡುಗತೆಯಲ್ಲಿ ರಾವುಳನೇ ಬಸುರಾಗಿ, ಸೀನಿದಾಗ ಸೀತೆ ಹುಟ್ಟುತ್ತಾಳೆ. ಇಪ್ಪತ್ತನೆಯ ಶತಮಾನದಲ್ಲಿ ಕುವೆಂಪು ‘ಶೂದ್ರ ತಪಸ್ವಿ’ಯಲ್ಲಿ ರಾಮನ ಬಾಣವನ್ನು ಶಂಬೂಕನಿಂದ ಬ್ರಾಹ್ಮಣನ ಕಡೆಗೆ ತಿರುಗಿಸಿದರು, ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಸೀತೆಯೊಡನೆ ರಾಮನನ್ನೂ ಬೆಂಕಿಗೆ ಇಳಿಸಿದರು. 1944ರ ‘ಶೂದ್ರ ತಪಸ್ವಿ’ ನಾಟಕಕ್ಕೆ ಮಾಸ್ತಿಯವರ ಆಕ್ಷೇಪ ಪ್ರಸಿದ್ಧವಾದದ್ದೇ: ಹಳೆಯ ಕಥೆಯನ್ನು ಹೀಗೆ ಮಾರ್ಪಡಿಸುವ ಬದಲು ಹೊಸ ಕಥೆ ಕಟ್ಟಬಹುದಲ್ಲ? ಕುವೆಂಪು ಮುಂದೆ ‘ಬೆರಳ್‌ಗೆ ಕೊರಳ್’ ಮುನ್ನುಡಿಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಈ ಚರ್ಚೆಯಲ್ಲಿ ಇಬ್ಬರೂ ಒಂದು ವಿಷಯವನ್ನು ಗೃಹೀತ ಹಿಡಿದಂತೆ ತೋರುತ್ತದೆ: ಪಾತ್ರವನ್ನು ಹೊಸದಾಗಿ ಕಾಣಬೇಕಾದರೆ ಘಟನೆಯನ್ನು ಬದಲಿಸಲೇಬೇಕು. ತಾಳಮದ್ದಳೆ ಕೂಟಗಳ ಮಳೆಗಾಲದ ರಾತ್ರಿಗಳಲ್ಲಿ ಅದೇ ಹೊತ್ತಿಗೆ ಆ ಗೃಹೀತ ಸುಳ್ಳಾಗುತ್ತಿತ್ತು.

ಕಾರಣ ತಿದ್ದಿದವರು

ತಾಳಮದ್ದಳೆ ಹಳೆಯದು. ಬಳ್ಳಾರಿ ಜಿಲ್ಲೆಯ ಕುರುಗೋಡು ಸೋಮಸಮುದ್ರದ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಭೂಮಿ ಬಿಟ್ಟ ಉಲ್ಲೇಖವಿದೆ. ಅಂದಿನ ತಾಳಮದ್ದಳೆ ಇಂದಿನ ವಾಗ್ವಾದವೇ ಆಗಿತ್ತೆಂದು ಹೇಳುವುದು ದುಡುಕು. ಕುಂಬಳೆ ಸೀಮೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಈ ಕಲೆಗೆ ಗಟ್ಟಿ ನೆಲ ಒದಗಿಸಿದವು. ಅವನ ಕಾಲ, ಊರು, ಕರ್ತೃತ್ವಗಳ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತರ ನಡುವೆ ನಡೆದ ಜಗಳ ಇಲ್ಲಿ ನಮಗೆ ಬೇಡ.

ಯಕ್ಷಗಾನದಲ್ಲಿರುವಂತೆ ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ಚೆಂಡೆ ನಿಲ್ಲುತ್ತದೆ, ಪಂಚೆ ಶಲ್ಯದಲ್ಲಿ ಕುಳಿತವರು ಆ ಪದ್ಯಕ್ಕೆ ಅರ್ಥ ಹೇಳುತ್ತಾರೆ. ಪದ್ಯ ಅಚ್ಚಾದದ್ದು, ಬದಲಾಗದು. ಅರ್ಥವನ್ನು ಅರ್ಥಧಾರಿ ಅಲ್ಲೇ, ಆ ಕ್ಷಣಕ್ಕೆ ಕಟ್ಟಬೇಕು. ಎದುರಾಳಿ ಏನು ಕೇಳುತ್ತಾನೆಂಬುದು ಅವನಿಗೂ ಗೊತ್ತಿಲ್ಲ. ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಉದ್ದಕ್ಕೂ ಕೂಟಗಳ ಸುಗ್ಗಿ. ಅರ್ಥಧಾರಿಗಳಲ್ಲಿ ಬಹುಮಂದಿ ಹವ್ಯಾಸಿಗಳು. ಅಂದರೆ ಪಾತ್ರದ ಮೇಲಿನ ಪ್ರೀತಿಯಿಂದಲೇ ಬಂದು ಕುಳಿತವರು. ಕೇಳುಗರಲ್ಲೂ ಅನೇಕರಿಗೆ ಪ್ರಸಂಗ ಬಾಯಿಪಾಠ.

ಬಂಧನ ಇರುವುದು ಮುಂದಿನ ಪದ್ಯದಲ್ಲಿ. ವಾಲಿ ಎಷ್ಟೇ ಗೆಲ್ಲಲಿ, ಭಾಗವತರು ಶರಣಾಗತಿಯ ಪದ್ಯ ಎತ್ತಿದರೆ ಅವನು ರಾಮನಿಗೆ ತಲೆಬಾಗಲೇಬೇಕು. ಕೌರವ ಎಷ್ಟೇ ನ್ಯಾಯ ಹೇಳಲಿ, ಸಂಧಾನ ಮುರಿಯಲೇಬೇಕು. ಆದ್ದರಿಂದ ಇಲ್ಲಿ ಏನಾಯಿತು ಎಂಬುದು ಇತ್ಯರ್ಥವಾದ ಸಂಗತಿ. ಯಾಕಾಯಿತು ಎಂಬುದೊಂದೇ ಅರ್ಥಧಾರಿಯ ಸ್ವತ್ತು.

ವಾಲಿಯ ವಾದ ಹೇಗೆ ಬೆಳೆಯುತ್ತದೆಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಾಲ್ಮೀಕಿಯ ರಾಮ ಮುಖ್ಯವಾಗಿ ಎರಡು ಸಮರ್ಥನೆ ಕೊಡುತ್ತಾನೆ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡದ್ದಕ್ಕೆ ಭರತನ ಆಳ್ವಿಕೆಯ ಪರವಾಗಿ ದಂಡ ಎಂಬುದು ಒಂದು. ನೀನು ಶಾಖಾಮೃಗ, ಬೇಟೆಯಾಡುವವನು ಮರೆಯಲ್ಲಿ ನಿಂತರೆ ದೋಷವಿಲ್ಲ ಎಂಬುದು ಇನ್ನೊಂದು. ಜಾಣ ವಾಲಿ ಈ ಎರಡನ್ನೂ ಒಂದಕ್ಕೊಂದು ಎದುರು ನಿಲ್ಲಿಸುತ್ತಾನೆ. ನಾನು ಮೃಗವಾದರೆ ನನಗೆ ಪತ್ನೀಧರ್ಮ ಹೇಳಬೇಡ. ಧರ್ಮ ಹೇಳುವೆಯಾದರೆ ಬೇಟೆಯ ನೆಪ ತೆಗೆಯಬೇಡ. ಮುಂದೆ ಗುಹೆಯ ಪ್ರಕರಣ ಬರುತ್ತದೆ. ಅಣ್ಣ ಸತ್ತನೆಂದು ಬಂಡೆ ಮುಚ್ಚಿ ಬಂದ ಸುಗ್ರೀವ ರಾಜ್ಯದ ಜೊತೆಗೆ ಅಣ್ಣನ ಹೆಂಡತಿ ತಾರೆಯನ್ನೂ ಪಡೆದನೆಂದು ವಾಲ್ಮೀಕಿಯಲ್ಲೇ ಇದೆ, ಅದೂ ಸುಗ್ರೀವನ ಬಾಯಲ್ಲೇ. ಹಾಗಾದರೆ ಅದೇ ತಪ್ಪಿಗೆ ಒಬ್ಬನಿಗೆ ಬಾಣ, ಒಬ್ಬನಿಗೆ ಸ್ನೇಹವೇ? ಸೀತೆಯನ್ನು ತರಿಸಿಕೊಳ್ಳುವುದೇ ಉದ್ದೇಶವಾಗಿದ್ದರೆ ನನ್ನನ್ನು ಕೇಳಿದ್ದರೆ ಒಂದೇ ದಿನದಲ್ಲಿ ರಾವಣನನ್ನು ಕಟ್ಟಿ ತರುತ್ತಿದ್ದೆ ಎಂಬ ಮಾತು ವಾಲ್ಮೀಕಿಯದೇ. ಅರ್ಥಧಾರಿ ಅದನ್ನು ರಾಜಕಾರಣದ ಮಾತಾಗಿ ತಿರುಗಿಸುತ್ತಾನೆ: ಬಲಿಷ್ಠನ ಸಹಾಯ ಪಡೆದರೆ ಅವನ ಋಣ ತೀರಿಸಬೇಕಾಗುತ್ತದೆ, ದುರ್ಬಲನ ಋಣ ಹಗುರ ಎಂದು ಲೆಕ್ಕ ಹಾಕಿದೆಯಾ ರಾಮಾ?

ರಾಮನ ಅರ್ಥಧಾರಿಯೂ ಕೈಕಟ್ಟಿ ಕೂರುವಂತಿಲ್ಲ. ಸುಗ್ರೀವ ತಾರೆಯನ್ನು ಪಡೆದದ್ದು ಅಣ್ಣ ಸತ್ತನೆಂಬ ನಂಬಿಕೆಯಲ್ಲಿ. ನೀನು ರುಮೆಯನ್ನು ಕಸಿದದ್ದು ತಮ್ಮ ಬದುಕಿರುವಾಗ. ಎರಡೂ ಒಂದೇ ತಪ್ಪಲ್ಲ. ಇದು ಬಲವಾದ ಉತ್ತರ. ಒಳ್ಳೆಯ ರಾಮ ಇದರ ಮೇಲೆ ಅಗ್ನಿಸಾಕ್ಷಿಯ ಸ್ನೇಹವನ್ನು ಹೇರುತ್ತಾನೆ: ಕೊಟ್ಟ ಮಾತಿಗೆ ಕಾಡಿಗೆ ಬಂದವನು, ಸ್ನೇಹಿತನಿಗೆ ಕೊಟ್ಟ ಮಾತು ಮುರಿಯಲೇ?

ಇಷ್ಟಾದ ಮೇಲೆ ವಾಲಿ ಶರಣಾಗಬೇಕು. ನನ್ನ ಅಭಿಪ್ರಾಯದಲ್ಲಿ ಅರ್ಥಧಾರಿಯ ನಿಜವಾದ ಪರೀಕ್ಷೆ ವಾದಕ್ಕೂ ಶರಣಾಗತಿಗೂ ಹಾಕುವ ಆ ಬೆಸುಗೆ. ಕೆಲವರು ಭಕ್ತಿಯ ಬಾಗಿಲು ತೆರೆಯುತ್ತಾರೆ: ಬಾಣದ ಮೇಲೆ ರಾಮನಾಮ ಕಂಡೊಡನೆ ವಾದ ಕರಗಿತು. ಕೆಲವರು ಅಂಗದನ ಕಡೆ ತಿರುಗುತ್ತಾರೆ. ಮಗನ ಭವಿಷ್ಯ ಇನ್ನು ಸುಗ್ರೀವನ ಕೈಯಲ್ಲಿ, ಸುಗ್ರೀವ ರಾಮನ ಕೈಯಲ್ಲಿ, ತಂದೆಯಾದವನು ಸೋಲಲೇಬೇಕು. ಈ ಎರಡನೆಯ ವಾಲಿ ಒಪ್ಪುವುದಿಲ್ಲ, ಬಾಗುತ್ತಾನೆ ಅಷ್ಟೆ. ಪದ್ಯದ ಒಂದಕ್ಷರ ಕದಲಿಲ್ಲ, ಆದರೆ ಶರಣಾಗತಿಯ ಒಳಗಿನ ತಿರುಳೇ ಬೇರೆಯಾಯಿತು. ಉಡುಪಿಯ ಮಾಧ್ವ ಪರಂಪರೆ ಮೂರನೆಯ ದಾರಿಯನ್ನೂ ಒದಗಿಸಿದೆ. ರಾಮಾವತಾರದಲ್ಲಿ ಸೂರ್ಯನ ಮಗ ಸುಗ್ರೀವನ ಪರ, ಇಂದ್ರನ ಮಗ ವಾಲಿಗೆ ಮರಣ. ಕೃಷ್ಣಾವತಾರದಲ್ಲಿ ಇಂದ್ರನ ಮಗ ಅರ್ಜುನನ ಪರ, ಸೂರ್ಯನ ಮಗ ಕರ್ಣನಿಗೆ ಮರಣ. ಲೆಕ್ಕ ಸರಿಹೋಯಿತು ಎಂಬ ಸಮಾಧಾನ ಸಿದ್ಧಾಂತಕ್ಕೆ ಸಾಕು. ಕೂಟದಲ್ಲಿ ಅದು ಪಾತ್ರದ ನೋವನ್ನು ತಣಿಸುವುದಕ್ಕಿಂತ ಮುಚ್ಚಿಬಿಡುತ್ತದೆ.

ದೇವಿದಾಸನ ‘ಕೃಷ್ಣಸಂಧಾನ’ ಈ ವಾದಶಕ್ತಿಯ ಇನ್ನೊಂದು ಗರಡಿ. ಎಂ. ಪ್ರಭಾಕರ ಜೋಶಿಯವರು ಆ ಪ್ರಸಂಗ ಮತ್ತು ಅದರ ಪ್ರಯೋಗವನ್ನೇ ಸಂಶೋಧನೆಗೆ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಸ್ವತಃ ಅರ್ಥಧಾರಿಗಳಾದ ಅವರಿಗೆ ಒಳಗಿನ ಸಂದುಗೊಂದುಗಳು ಗೊತ್ತಿದ್ದವು. ಕೌರವನ ಕೈಯಲ್ಲಿ ಎರಡು ಗಟ್ಟಿ ಆಯುಧಗಳು. ಅಜ್ಞಾತವಾಸ ಮುಗಿಯುವ ಮೊದಲೇ ಅರ್ಜುನ ಕಾಣಿಸಿಕೊಂಡನಲ್ಲವೆ ಎಂಬ ಕಾಲಗಣನೆಯ ಪ್ರಶ್ನೆ ಮೊದಲನೆಯದು. ಐದು ವರ್ಷಕ್ಕೆ ಎರಡು ಅಧಿಕಮಾಸ ಸೇರಿಸಿ ಭೀಷ್ಮ ಕೊಟ್ಟ ತೀರ್ಪು ವ್ಯಾಸಭಾರತದಲ್ಲೇ ಇದೆ. ಯಾವ ಪಂಚಾಂಗದ ಮೇಲೆ ಕರಾರು ಆಗಿತ್ತು ಎಂದು ಕೌರವ ಕೇಳಬಹುದು, ಕೇಳುತ್ತಾನೆ ಕೂಡ. ಎರಡನೆಯದು ಹುಟ್ಟು: ಪಾಂಡುವಿಗೆ ಹುಟ್ಟದವರು ಪಾಂಡವರು ಹೇಗೆ? ಕೃಷ್ಣ ನಕ್ಕು, ನಿನ್ನ ತಂದೆ ವಿಚಿತ್ರವೀರ್ಯನಿಗೆ ಹುಟ್ಟಿದನೋ ಎಂದು ತಿರುಗಿಸಿದರೆ ಚಪ್ಪಾಳೆ ಅವನಿಗೆ. ಕೋರ್ಟಿನ ಪಾಟೀಸವಾಲು ಕೂಟದೊಳಕ್ಕೆ ಬಂದದ್ದು ವಕೀಲರಾಗಿದ್ದ ಅರ್ಥಧಾರಿಗಳ ಜೊತೆಗೇ ಇರಬೇಕು. ದೇರಾಜೆ ಸೀತಾರಾಮಯ್ಯನವರಂತೂ ‘ಕುರುಕ್ಷೇತ್ರಕ್ಕೊಂದು ಆಯೋಗ’ ಎಂಬ ಕೃತಿಯನ್ನೇ ಬರೆದರು. ಮಹಾಯುದ್ಧಕ್ಕೆ ವಿಚಾರಣಾ ಆಯೋಗ ಕೂರಿಸುವ ಕಲ್ಪನೆ ತಾಳಮದ್ದಳೆಯಲ್ಲಿ ಪಳಗಿದ ತಲೆಗಲ್ಲದೆ ಬೇರೆಲ್ಲಿ ಹೊಳೆಯಬೇಕು?

ಪಾತ್ರದ ಹೆಸರಲ್ಲ, ಅರ್ಥಧಾರಿಯ ಹೆಸರು

ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಪಾತ್ರಗಳು ಒಡೆಯರನ್ನು ಪಡೆದವು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ, ಮಾಗಧ, ಕೌರವರನ್ನು ಜನ ‘ಶೇಣಿಯ ವಾಲಿ’, ‘ಶೇಣಿಯ ಮಾಗಧ’ ಎಂದೇ ಕರೆದರು. ವ್ಯಾಸ ವಾಲ್ಮೀಕಿಯರಿಗೆ ಅದರಲ್ಲಿ ಪಾಲಿರಲಿಲ್ಲವೆಂಬಂತೆ. ತರ್ಕದ ಪಟ್ಟು ಶೇಣಿಯವರದಾದರೆ, ಮಲ್ಪೆ ರಾಮದಾಸ ಸಾಮಗರು ಚುರುಕು ಮಾತಿನಲ್ಲೇ ಎದುರಾಳಿಯ ಕಟ್ಟೋಣ ಕುಸಿಯುವಂತೆ ಮಾಡುತ್ತಿದ್ದರು. ಇವರಿಬ್ಬರೂ ಎದುರುಬದುರು ಕುಳಿತರೆ ಪ್ರಸಂಗ ಯಾವುದೆಂದು ಯಾರೂ ಕೇಳುತ್ತಿರಲಿಲ್ಲ. ಮಾತಿನ ಈ ಪ್ರತಿಷ್ಠೆ ಕೂಟದ ಹೊರಗೂ ಹಬ್ಬಿತು. ಅರ್ಥಧಾರಿ ಕುಂಬಳೆ ಸುಂದರ ರಾಯರು 1994ರಲ್ಲಿ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೆ ಹೋದರು. ಪಾತ್ರ ಜನ್ಮಕ್ಕೆ ಅಂಟಿದ್ದಲ್ಲ ಎಂಬುದಕ್ಕೂ ಸಾಕ್ಷಿ ಇಲ್ಲೇ ಇದೆ. ಮುಲ್ಕಿ ಬಪ್ಪನಾಡಿನ ಐತಿಹ್ಯದ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿ ಶೇಣಿಯವರ ಬಾಯಲ್ಲಿ ಮನೆಮಾತಾದ. ಜಬ್ಬಾರ್ ಸಮೋ ಅವರು ರಾಮಾಯಣ ಭಾರತಗಳ ಪಾತ್ರಗಳಿಗೆ ಅರ್ಥ ಹೇಳಿ ಹೆಸರಾದರು.

ಇದೇ ಒಲವು ಸಿನಿಮಾ ಪ್ರೇಕ್ಷಕರಲ್ಲೂ ಕೆಲಸ ಮಾಡಿತು. 1983ರ ‘ಭಕ್ತ ಪ್ರಹ್ಲಾದ’ದ ಹೆಸರು ಮಗನದು, ಜನ ನೋಡಹೋದದ್ದು ರಾಜ್‌ಕುಮಾರ್ ಅವರ ಹಿರಣ್ಯಕಶಿಪುವನ್ನು. ಆದರೆ ಪರದೆಯ ಹಿರಣ್ಯಕಶಿಪುವನ್ನು ಪ್ರೇಕ್ಷಕ ಪ್ರಶ್ನಿಸಲಾರ, ಅವನ ಬದಲು ಮಾತಾಡಲೂ ಆರ.

ಕೂಟದ ಈ ರೀತಿಯನ್ನು ಧ್ವನಿಮುದ್ರಣ ಬದಲಿಸಿತು. ಕ್ಯಾಸೆಟ್ಟುಗಳು ಬಂದ ಮೇಲೆ ದೊಡ್ಡ ಅರ್ಥಧಾರಿಗಳ ವಾದಸರಣಿ ಮನೆಮನೆಗೆ ತಲುಪಿತು, ಮುಂಬಯಿಯ ಕನ್ನಡಿಗರಿಗೂ ಸಿಕ್ಕಿತು. ಸಂಶೋಧಕನಿಗೆ ಇದು ವರ. ಕಲೆಗೆ ಅಷ್ಟೇ ವರವೆಂದು ಹೇಳಲಾರೆ. ಒಮ್ಮೆ ಹೊಳೆದ ಪ್ರಶ್ನೆ ಪಾಠವಾಯಿತು. ಎಳೆಯರು ಅದನ್ನು ಉಸಿರಿನ ಏರಿಳಿತದ ಸಮೇತ ಒಪ್ಪಿಸತೊಡಗಿದರು. ಕಾಲಮಿತಿಯ ಕೂಟಗಳಲ್ಲಿ ಬೆಳೆಸಲು ಪುರುಸೊತ್ತೂ ಇಲ್ಲ. ಹೊಸ ಕಾರಣ ಈಗ ಹೆಚ್ಚಾಗಿ ಹುಟ್ಟುವುದು ಬೇರೆ ಪಾತ್ರಗಳಲ್ಲಿ. ‘ಭೀಷ್ಮವಿಜಯ’ದ ಅಂಬೆಗೆ ಬಹುಕಾಲ ಅರ್ಥ ಹೇಳಿದವರು ಗಂಡಸರು, ಅವಳ ಅಳಲು ಭೀಷ್ಮನ ಪ್ರತಿಜ್ಞೆಗೆ ಮೆರುಗು ಕೊಡುವ ಸಾಧನವಾಗಿತ್ತು. ಮಹಿಳಾ ತಂಡಗಳಲ್ಲಿ ಅಂಬೆಯೂ ಭೀಷ್ಮನೂ ಹೆಂಗಸರೇ. ಅಲ್ಲಿನ ಅಂಬೆ ಸಾಲ್ವನ ಮನೆಯಿಂದ ಹಿಂದಿರುಗಿ ಬಂದು ಕೇಳುವುದು ಪ್ರೀತಿಯ ಮಾತಲ್ಲ, ಹೊಣೆಯ ಮಾತು: ಕೇಳದೆ ಎತ್ತಿಕೊಂಡು ಬಂದವನು ಯಾರು, ಈಗ ಎಲ್ಲಿಗೆ ಹೋಗೆನ್ನುತ್ತೀಯ? ಪದ್ಯ ಹಳೆಯದೇ. ಭೀಷ್ಮನ ಪಾತ್ರಕ್ಕೆ ಕುಳಿತವಳು ಪ್ರತಿಜ್ಞೆಯೊಂದನ್ನೇ ಹೇಳಿ ಪಾರಾಗಲಾಗದೆ ಹೊಸ ಉತ್ತರ ಹುಡುಕಬೇಕಾಗಿದೆ.