‘ಕಾರ್ನ್’ ಬಳಗವೂ ನಮ್ಮ ಕರ್ನಾಟಕವೂ

ಕಳೆದ ತಿಂಗಳ ಒಂದು ಭಾನುವಾರ, ಎಂಟನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗ ಇಂಗ್ಲಿಷ್ ನಿಘಂಟನ್ನು ತಂದು ನಮ್ಮೆದುರು ಬಿಚ್ಚಿಟ್ಟ. ಕಾರ್ನೇಜ್, ಕಾರ್ನಲ್, ಕಾರ್ನಾಟಿಕ್, ಕಾರ್ನೇಷನ್, ಕಾರ್ನಿವಲ್, ಕಾರ್ನಿವೋರ್ ಎಂಬ ಪದಗಳು ಸಾಲಾಗಿ ನಿಂತಿದ್ದವು. “ಅಪ್ಪಾ, ‘ಕಾರ್ನ್’ ಅಂದರೆ ಮಾಂಸವಂತೆ. ಹಾಗಾದರೆ ನಮ್ಮ ಕರ್ನಾಟಕ?” ಎಂದು ಕೇಳಿದ. ಊರು ಬಿಟ್ಟು ಇಪ್ಪತ್ತು ವರ್ಷವಾದರೂ ಊರಿನ ಹೆಸರು ಹೇಳಿಕೊಂಡೇ ಬದುಕುತ್ತಿರುವ ನಮಗೆ ಈ ಪ್ರಶ್ನೆ ಚುರುಕೆನ್ನಿಸಿತು. ಕಚೇರಿಯಲ್ಲಿ ಕಡತ ಬಿಚ್ಚುವುದೇ ನಮ್ಮ ಕಸುಬು. ಈ ಪದಗಳ ಕಡತವನ್ನೂ ಬಿಚ್ಚಿದೆವು.

ಲ್ಯಾಟಿನ್ ಭಾಷೆಯಲ್ಲಿ ‘ಕಾರೋ’ ಎಂದರೆ ಮಾಂಸ. ಷಷ್ಠೀ ವಿಭಕ್ತಿಯಲ್ಲಿ ಅದು ‘ಕಾರ್ನಿಸ್’. ಇದರ ಮೂಲಾರ್ಥ ‘ಕತ್ತರಿಸಿದ ತುಂಡು’ ಎಂಬುದು ಭಾಷಾಶಾಸ್ತ್ರಜ್ಞರ ಮತ. ಕತ್ತರಿಸು ಎಂಬರ್ಥದ ಅದೇ ಪ್ರಾಚೀನ ಧಾತುವಿನ ಸಂತತಿಯಲ್ಲಿ ಸಂಸ್ಕೃತದ ‘ಕರ್ತರಿ’ಯೂ ಸೇರಿದೆ, ಅದೇ ನಮ್ಮ ಬಾಯಲ್ಲಿ ‘ಕತ್ತರಿ’ಯಾಯಿತು. ಹೀಗೆ ನಮ್ಮ ದರ್ಜಿಯ ಕತ್ತರಿಗೂ ರೋಮಿನ ಮಾಂಸಕ್ಕೂ ದೂರದ ನೆಂಟಸ್ತಿಕೆಯುಂಟು!

ಈ ಬಳಗದಲ್ಲಿ ನಗುಮುಖದ ಪದವೆಂದರೆ ಕಾರ್ನಿವಲ್. ಈಸ್ಟರಿಗೆ ಮುಂಚಿನ 40 ದಿನಗಳ ಉಪವಾಸಕಾಲದಲ್ಲಿ ಕ್ರೈಸ್ತರು ಮಾಂಸ ಬಿಡುತ್ತಿದ್ದರು. ಅದಕ್ಕೆ ಮೊದಲು ಹೊಟ್ಟೆ ತುಂಬ ಉಂಡು, ಕುಣಿದು ನಲಿಯುವ ಹಬ್ಬವೇ ಇದು. ‘ಮಾಂಸವೇ, ಹೋಗಿ ಬಾ’ ಎಂಬ ಅರ್ಥವನ್ನು ಜನ ಹೇಳುವುದುಂಟು. ‘ಮಾಂಸವನ್ನು ತೆಗೆದಿಡುವುದು’ ಎಂಬರ್ಥದ ಹಳೆಯ ಇಟಾಲಿಯನ್ ಪದವೇ ಇದರ ಮೂಲವೆಂಬುದು ವಿದ್ವಾಂಸರ ಅಭಿಪ್ರಾಯ. ಪೋರ್ಚುಗೀಸರ ಜೊತೆ ಹಡಗೇರಿ ಬಂದ ಈ ಹಬ್ಬ ನಮ್ಮ ಕಾರವಾರದ ನೆರೆಯ ಗೋವೆಯಲ್ಲಿ ಇಂದಿಗೂ ನಡೆಯುತ್ತದೆ.

ಉಳಿದ ಕೆಲವರು ಅಷ್ಟು ಸಂತೋಷದವರಲ್ಲ. ಕಾರ್ನೇಜ್ ಎಂದರೆ ಕಗ್ಗೊಲೆ. ಕ್ಯಾರಿಯನ್ ಎಂದರೆ ಕೊಳೆತ ಹೆಣ. ಫ್ರೆಂಚಿನಲ್ಲಿ ಬೈಗುಳವಾದ ಅದೇ ಪದ ಇಂಗ್ಲಿಷಿಗೆ ‘ಕ್ರೋನ್’ ಆಗಿ ಬಂದು, ಮುದುಕಿಯರನ್ನು ಹೀಯಾಳಿಸುವ ಮಾತಾಯಿತು. ಪದಗಳಿಗೂ ಹೀಗೆ ಕೆಟ್ಟ ಕಾಲ ಬರುತ್ತದೆ.

ಬಿ.ಎಸ್‌ಸಿ. ಓದುವಾಗ ನಾವು ಉರು ಹೊಡೆದ ‘ಕಾರ್ನಿವೋರಾ’ ಗಣವೆಂದರೆ ಹುಲಿ, ನಾಯಿ, ಕರಡಿಗಳ ಕುಲ. ತಮಾಷೆಯೆಂದರೆ, ಬಹುಮಟ್ಟಿಗೆ ಬಿದಿರನ್ನೇ ತಿಂದು ಬದುಕುವ ದೈತ್ಯ ಪಾಂಡಾ ಕೂಡ ಇದೇ ಗಣದ್ದು. ಹೆಸರು ಮಾಂಸಾಹಾರಿ, ಊಟ ಸಸ್ಯಾಹಾರ!

ನಾವು ಹೆಚ್ಚು ಹೊತ್ತು ನಿಂತದ್ದು ‘ಇನ್‌ಕಾರ್ನೇಷನ್’ ಎಂಬಲ್ಲಿ. ಇದರ ಅಕ್ಷರಾರ್ಥ ‘ಮಾಂಸದೊಳಗೆ ಬರುವುದು’. ದೇವರ ವಾಕ್ಯವು ಮಾಂಸವಾಯಿತು ಎಂಬ, ಯೋಹಾನನ ಸುವಾರ್ತೆಯಲ್ಲಿ ಬರುವ ಕ್ರೈಸ್ತ ನಂಬಿಕೆಯ ಪದವಿದು. ನಮ್ಮ ದಶಾವತಾರವನ್ನು ಇಂಗ್ಲಿಷಿಗೆ ತರುವಾಗ ಇದೇ ಪದವನ್ನು ಬಳಸುವ ರೂಢಿ ಬಿತ್ತು. ಆದರೆ ‘ಅವತಾರ’ದಲ್ಲಿ ಮಾಂಸದ ಮಾತೇ ಇಲ್ಲ, ‘ಅವ’ ಎಂದರೆ ಕೆಳಗೆ, ‘ತೃ’ ಎಂದರೆ ದಾಟು. ಅದು ಇಳಿದು ಬರುವುದು. ಒಂದು ಪದ ದೇಹವನ್ನು ನೋಡುತ್ತದೆ, ಇನ್ನೊಂದು ದಾರಿಯನ್ನು ನೋಡುತ್ತದೆ. ಎರಡೂ ದೊಡ್ಡ ಮಾತುಗಳೇ. ಆದರೆ ಇಂಗ್ಲಿಷಿನಲ್ಲೇ ಪುರಾಣ ಓದುವ ನಮ್ಮ ಮಕ್ಕಳಿಗೆ ಈ ವ್ಯತ್ಯಾಸವನ್ನು ನಾವು ಹೇಳದಿದ್ದರೆ ಇನ್ನಾರು ಹೇಳುತ್ತಾರೆ?

ಇನ್ನು ಮಗನ ಪ್ರಶ್ನೆ. ಕಾರ್ನಾಟಿಕ್‌ಗೂ ಈ ಬಳಗಕ್ಕೂ ಯಾವ ನಂಟೂ ಇಲ್ಲ. ಅದು ನಮ್ಮ ‘ಕರ್ನಾಟಕ’ವೇ ಪರದೇಶಿಯರ ನಾಲಿಗೆಯಲ್ಲಿ ಪಡೆದ ರೂಪ. ‘ಕರು ನಾಡು’, ಅಂದರೆ ಎತ್ತರದ ನಾಡು ಎಂದು ಕೆಲವರೂ, ಕಪ್ಪು ಮಣ್ಣಿನ ನಾಡು ಎಂದು ಕೆಲವರೂ ಅರ್ಥ ಹೇಳುತ್ತಾರೆ. ವಿಜಯನಗರದ ಅರಸರ ಆಳ್ವಿಕೆ ತಮಿಳು ಸೀಮೆಗೂ ಹಬ್ಬಿದ್ದರಿಂದ ಘಟ್ಟದ ಕೆಳಗಿನ ಬಯಲಿಗೂ ಕರ್ನಾಟಕವೆಂಬ ಹೆಸರು ಅಂಟಿತು. ಆರ್ಕಾಟಿನ ನವಾಬರು ‘ಕಾರ್ನಾಟಿಕ್ ನವಾಬ’ರಾದರು. 1746ರಿಂದ 1763ರವರೆಗೆ ಇಂಗ್ಲಿಷರೂ ಫ್ರೆಂಚರೂ ಬಹುಪಾಲು ತಮಿಳು ನೆಲದಲ್ಲಿ ಹೋರಾಡಿದ ಯುದ್ಧಗಳು ‘ಕಾರ್ನಾಟಿಕ್ ಯುದ್ಧ’ಗಳೆನಿಸಿದವು.

ಇದನ್ನೆಲ್ಲ ಕೇಳಿದ ಮಗ, “ಹಾಗಾದರೆ ಇವರು ಬರೀ ಅಕ್ಕಪಕ್ಕದ ಮನೆಯವರು, ನೆಂಟರಲ್ಲ” ಎಂದ. ಪರಊರಿನ ಕಾಲೊನಿಯಲ್ಲಿ ಬೆಳೆದ ಹುಡುಗನಿಗೆ ಆ ವ್ಯತ್ಯಾಸ ಬೇಗ ತಿಳಿಯಿತು. ಓದುಗರ ಮನೆಯಲ್ಲೂ ಮಕ್ಕಳು ಇಂಥ ಪ್ರಶ್ನೆ ಕೇಳಿದರೆ ಗದರಿಸಬೇಡಿ. ನಿಘಂಟು ತೆರೆದು ಜೊತೆಗೆ ಕುಳಿತುಕೊಳ್ಳಿ. ಊರಿನ ದಾರಿ ಅಲ್ಲಿಂದಲೂ ಇದೆ.