ಮೈದಾನದಂಚಿನ ಕೂಗಿಗೊಂದು ಮನೆಹೆಸರು

ಕೊಡಗಿನಲ್ಲಿ ಹಾಕಿ ಪಂದ್ಯ ನಡೆಯುವಾಗ ಆಟದಷ್ಟೇ ಗಮನ ಸೆಳೆಯುವುದು ಮೈದಾನದ ಅಂಚಿನಲ್ಲಿ ಸೇರಿದ ಜನ. ಚೆಂಡು ರಕ್ಷಣಾ ಆಟಗಾರನ ಕಾಲಿಗೆ ತಗುಲಿದರೆ ಸಾಕು, ಅಂಪೈರ್ ಸೀಟಿ ಊದುವ ಮೊದಲೇ ‘ಫೂಟ್, ಫೂಟ್’ ಎಂಬ ಕೂಗು ಏಳುತ್ತದೆ. ಗೋಲಿನ ಮುಂದಿನ ವೃತ್ತದೊಳಗೆ ಹಾಗಾದರೆ ಪೆನಾಲ್ಟಿ ಕಾರ್ನರ್ ಸಿಗುತ್ತದೆಂಬುದು ಅಲ್ಲಿ ಕುಳಿತ ಅಜ್ಜಿಗೂ ಗೊತ್ತು. ಸ್ಟಿಕ್ಕಿನ ಚಪ್ಪಟೆ ಮುಖದಿಂದಲೇ ಚೆಂಡನ್ನು ಆಡಬೇಕು; ಉಬ್ಬಿದ ಹಿಂಬದಿ ತಾಗಿದರೆ ‘ಬ್ಯಾಕ್ ಸ್ಟಿಕ್’ ಎಂಬ ಆಕ್ಷೇಪ ತಡವಿಲ್ಲದೆ ಬರುತ್ತದೆ. ಹೊಗಳಿಕೆಯಲ್ಲಿ ಧಾರಾಳ, ಬೈಗುಳದಲ್ಲಿಯೂ ಜಿಪುಣತನವಿಲ್ಲ.

ಇಷ್ಟು ಬಲ್ಲ ಪ್ರೇಕ್ಷಕರು ಒಂದು ದಿನದಲ್ಲಿ ಹುಟ್ಟಿದವರಲ್ಲ. 1834ರಲ್ಲಿ ಕೊಡಗು ಬ್ರಿಟಿಷರ ಆಳ್ವಿಕೆಗೆ ಸೇರಿದ ಮೇಲೆ ಶಾಲೆಗಳು ಬಂದವು, ಕಾಫಿ ತೋಟಗಳು ಬಂದವು, ಮುಂದೆ ಸೈನ್ಯದ ನೌಕರಿಯೂ ಬಂತು. ಹಾಕಿ ಸೈನ್ಯಕ್ಕೆ ಪ್ರಿಯವಾದ ಆಟ. ರಜೆಯ ಮೇಲೆ ಊರಿಗೆ ಮರಳಿದ ಸೈನಿಕನೊಡನೆ ಆಟವೂ ಊರಿಗೆ ಬಂತು; ಶಾಲೆ ಕಾಲೇಜುಗಳ ಮೈದಾನಗಳಲ್ಲಿ ಬೇರುಬಿಟ್ಟಿತು. ಒಂದು ಕಾಲಕ್ಕೆ ತಾನೇ ಸ್ಟಿಕ್ ಹಿಡಿದು ಓಡಿದವನು ವಯಸ್ಸಾದ ಮೇಲೆ ಗೆರೆಯ ಆಚೆ ನಿಂತ. ಹೀಗಾಗಿ ಇಲ್ಲಿ ಆಡುವವರಿಗೂ ನೋಡುವವರಿಗೂ ನಡುವಣ ಅಂತರ ಬಲು ತೆಳು.

ಸ್ಪರ್ಧೆಯನ್ನು ಊರೇ ಸುತ್ತುಗಟ್ಟಿ ನೋಡುವ ರೂಢಿ ಹಾಕಿಗಿಂತ ಹಳೆಯದು. ಕೈಲ್‌ಪೊಳ್ದ್ ಹಬ್ಬದಲ್ಲಿ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿದೆ. ಪುತ್ತರಿಯ ದಿನಗಳಲ್ಲಿ ಊರಿನ ಮಂದ್‌ನಲ್ಲಿ ನಡೆಯುವ ಪರಿಯಕಳಿಯಲ್ಲಿ ಇಬ್ಬರು ಗುರಾಣಿ ಹಿಡಿದು, ಬೆತ್ತದಿಂದ ಪರಸ್ಪರರ ಮೊಣಕಾಲಿನ ಕೆಳಗೆ ಹೊಡೆಯುತ್ತಾರೆ. ಆಟ ಕಾವೇರಿದರೆ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ. ಹುರಿದುಂಬಿಸುವುದು ನೋಡುವವರ ಹಕ್ಕು. ಮಿತಿ ಮೀರದಂತೆ ಕಾಯುವುದೂ ಅವರದೇ ಹೊಣೆ.

ಈ ಪ್ರೇಕ್ಷಕರಿಗೆ ಹೊಸದೊಂದು ನೆಲೆ ಸಿಕ್ಕಿದ್ದು 1997ರಲ್ಲಿ. ಆ ವರ್ಷ ಪಾಂಡಂಡ ಕುಟ್ಟಪ್ಪ ಅವರ ಮುಂದಾಳ್ತನದಲ್ಲಿ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಣ ಹಾಕಿ ಪಂದ್ಯಾವಳಿ ಮೊದಲಾಯಿತು. ಅಂದು ಆಡಿದ್ದು 60 ತಂಡಗಳು. ವರ್ಷಕ್ಕೊಂದು ಕುಟುಂಬ ಆತಿಥ್ಯದ ಹೊಣೆ ಹೊರುತ್ತ ಬಂದು, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಸೇರಿದವು. ಗಿನ್ನೆಸ್ ದಾಖಲೆಯೂ ಆಯಿತು. 2018ರ ಭೂಕುಸಿತದ ನಂತರದ ವರ್ಷ ಮತ್ತು ಕೊರೋನಾ ಕಾಲದಲ್ಲಿ ಮಾತ್ರ ಪಂದ್ಯಾವಳಿ ನಿಂತಿತ್ತು.

ಇದರ ನಿಯಮ ಸರಳ: ತಂಡವೆಂದರೆ ಒಕ್ಕ, ಅಂದರೆ ಒಂದೇ ಮನೆತನದ ಜನ. ಒಲಿಂಪಿಕ್ಸ್‌ನಲ್ಲಿ ಆಡಿದವನ ಪಕ್ಕದಲ್ಲೇ ಶಾಲೆಗೆ ಹೋಗುವ ಹುಡುಗಿಯೂ, ತಲೆ ನರೆತ ದೊಡ್ಡಪ್ಪನೂ ಆಡಬಹುದು. ಧ್ವನಿವರ್ಧಕದಲ್ಲಿ ಕೇಳುವ ತಂಡದ ಹೆಸರು ಮನೆತನದ ಹೆಸರೇ ಆದ್ದರಿಂದ ನೋಡುವವರ ಪ್ರತಿಕ್ರಿಯೆಯೂ ಬದಲಾಗುತ್ತದೆ. ಕಾಲೇಜಿನ ತಂಡ ಸೋತರೆ ಬೇಸರ ನಾಲ್ಕು ದಿನ. ಓದು ಮುಗಿದ ಮೇಲೆ ಆ ನಂಟೂ ಸಡಿಲ. ಮನೆತನದ ತಂಡವಾದರೆ, ಗೋಲು ಬಿಟ್ಟ ಹುಡುಗನ ಹೆಸರು ಹಿಡಿದು ಕೂಗುವವಳು ಅವನ ಸ್ವಂತ ಅತ್ತೆ; ಆ ಮಾತು ಮುಂದಿನ ಹಬ್ಬದ ಊಟದ ಪಂಕ್ತಿಯವರೆಗೂ ಬರುತ್ತದೆ. ತವರಿನ ತಂಡ ಗಂಡನ ಮನೆಯ ತಂಡಕ್ಕೆ ಎದುರಾದ ದಿನವಂತೂ ಮದುವೆಯಾದ ಹೆಣ್ಣುಮಕ್ಕಳು ಎರಡೂ ಕಡೆಯ ಗೋಲಿಗೆ ಕೈ ತಟ್ಟಬೇಕಾದ ಇಕ್ಕಟ್ಟು.

ಜಿಲ್ಲೆಯ ಉತ್ತರ ಭಾಗದ ಸೋಮವಾರಪೇಟೆಗೆ ಬಂದರೆ ಚಿತ್ರ ಬೇರೆ. ಸೋಮವಾರದ ಸಂತೆಯಿಂದ ಹೆಸರು ಪಡೆದ ಈ ಪೇಟೆಯ ಸುತ್ತ ಕೊಡವರಿಗಿಂತ ಒಕ್ಕಲಿಗರು, ಲಿಂಗಾಯತರು ಹಾಗೂ ಇತರರು ಹೆಚ್ಚು. ಕಾಫಿ, ಏಲಕ್ಕಿ ತೋಟಗಳಿಗೆ ಹಲವು ಕಡೆಗಳಿಂದ ಬಂದು ನೆಲೆಸಿದವರೂ ಇದ್ದಾರೆ. ಎಲ್ಲರನ್ನೂ ಕೂಡಿಸುವ ಮನೆಹೆಸರು ಇಲ್ಲಿಲ್ಲ. ಆದರೂ ಹಾಕಿಯ ಹುಚ್ಚಿನಲ್ಲಿ ಈ ಊರು ದಕ್ಷಿಣ ಕೊಡಗಿಗೆ ಕಡಿಮೆಯಲ್ಲ.

ಬಿ.ಪಿ. ಗೋವಿಂದ ಅವರು ಹುಟ್ಟಿದ್ದು ಇಲ್ಲಿಯೇ, 1951ರಲ್ಲಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದಲ್ಲಿಯೂ, 1975ರಲ್ಲಿ ಕ್ವಾಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿಯೂ ಅವರಿದ್ದರು. ಪಾಕಿಸ್ತಾನವನ್ನು 2-1ರಿಂದ ಸೋಲಿಸಿದ ಆ ಫೈನಲ್ ನಡೆದಾಗ ಕೊಡಗಿನ ಮನೆಗಳಿಗೆ ಟಿ.ವಿ. ಬಂದಿರಲಿಲ್ಲ, ವೀಕ್ಷಕ ವಿವರಣೆ ಕೇಳಲು ಇದ್ದದ್ದು ರೇಡಿಯೋ ಒಂದೇ. ಮೈದಾನದಂಚಿನಲ್ಲಿ ನಿಂತು ಕೂಗಿದರೆ ಆಟಗಾರನ ಕಿವಿಗೆ ಬೀಳುತ್ತದೆ. ರೇಡಿಯೋದ ಮುಂದೆ ಕೂಗಿದರೆ ಪಕ್ಕದ ಮನೆಯವರಿಗಷ್ಟೇ ಕೇಳಿಸುತ್ತದೆ. ಆದರೂ ಜನ ಕೂಗುವುದನ್ನು ಬಿಡಲಿಲ್ಲ.

ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಹಾಕಿ ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ನಡೆಯಿತು. ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಆ ತಂಡದಲ್ಲಿಯೂ ಗೋವಿಂದ ಆಡಿದ್ದರು. ಹುಲ್ಲಿನ ನೆಲದಲ್ಲಿ ಪುಟಿಯುವ ಚೆಂಡನ್ನು ಹಿಡಿದು ನಿಲ್ಲಿಸುವುದೇ ಒಂದು ವಿದ್ಯೆ. ಹಾಸಿನ ಮೇಲೆ ವೇಗಕ್ಕೇ ಬೆಲೆ. 1990ರ ದಶಕದ ಉತ್ತರಾರ್ಧದಲ್ಲಿ ಆಫ್‌ಸೈಡ್ ನಿಯಮವೂ ಹೋಯಿತು. ಅದರೊಂದಿಗೆ ಎದುರಾಳಿಯ ಪ್ರತಿ ಗೋಲಿಗೂ ‘ಆಫ್‌ಸೈಡ್’ ಎಂದು ತಕರಾರು ತೆಗೆಯುತ್ತಿದ್ದ ಹಳಬರ ಕೈಯಿಂದ ಒಂದು ಆಯುಧ ಜಾರಿತು. ಆಟದೊಡನೆ ನೋಡುವವರೂ ಹೊಸ ಪಾಠ ಕಲಿಯಬೇಕಾಯಿತು.

ಗೋವಿಂದರ ನಂತರವೂ ಸೋಮವಾರಪೇಟೆಯ ಸಾಲು ತುಂಡಾಗಲಿಲ್ಲ. ಇಲ್ಲಿ 1980ರಲ್ಲಿ ಹುಟ್ಟಿದ ಅರ್ಜುನ್ ಹಾಲಪ್ಪ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದರು. 1989ರಲ್ಲಿ ಹುಟ್ಟಿದ ಎಸ್.ವಿ. ಸುನಿಲ್ ಸಾಧಾರಣ ಕುಟುಂಬದಿಂದ ಬಂದವರು. ಬಾಲ್ಯದಲ್ಲಿ ಬಿದಿರಿನ ಕೋಲನ್ನೇ ಸ್ಟಿಕ್ ಮಾಡಿಕೊಂಡು ಆಡಿದವರು. 2007ರಿಂದ 2021ರವರೆಗೆ ಭಾರತದ ಪರ 264 ಪಂದ್ಯಗಳನ್ನಾಡಿ 72 ಗೋಲು ಹೊಡೆದರು. 2014ರ ಅಕ್ಟೋಬರ್ 2ರಂದು ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನದೊಡನೆ 1-1ರಿಂದ ಸಮವಾಗಿ, ಶೂಟೌಟ್‌ನಲ್ಲಿ 4-2ರಿಂದ ಗೆದ್ದ ತಂಡದಲ್ಲಿ ಅವರಿದ್ದರು.

ಕೊಡಗಿನ ಹೆಸರುಗಳ ಮೊದಲಕ್ಷರದಲ್ಲಿ ಚರಿತ್ರೆಯೇ ಅಡಗಿರುತ್ತದೆ. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್ ಅವರ ‘ಎಂ’ ಎಂದರೆ ಮೊಳ್ಳೇರ, ಅದು ಅವರ ಮನೆತನ. ಸುನಿಲ್ ಅವರ ಹೆಸರನ್ನು ಬಿಡಿಸಿದರೆ ಸೋಮವಾರಪೇಟೆ ವಿಠಲಾಚಾರ್ಯ ಸುನಿಲ್. ಒಕ್ಕದ ಹೆಸರು ಇರಬೇಕಾದ ಜಾಗದಲ್ಲಿ ಊರಿನ ಹೆಸರಿದೆ. ಕೊಡವ ಕುಟುಂಬಗಳ ಪಂದ್ಯಾವಳಿಯಲ್ಲಿ ಇಂಥ ಆಟಗಾರನಿಗೆ ತಂಡವಿಲ್ಲ. ಅವನ ಪರ ಕೂಗುವ ಹಕ್ಕು ಒಂದು ಮನೆಗೆ ಸೇರಿದ್ದಲ್ಲ, ಸಂತೆಗೆ ಬರುವ ಎಲ್ಲರದು.

ಎರಡು ಬಗೆಯ ಕೂಗಿಗೂ ಅದರದರ ಬಲವಿದೆ, ಕೊರತೆಯೂ ಇದೆ. ಮನೆತನದ ಕೂಗು ನೂರಾರು ಕುಟುಂಬಗಳನ್ನು ಮೈದಾನಕ್ಕೆ ಎಳೆದು ತಂದಿತು, ಚದುರಿದವರನ್ನು ವರ್ಷಕ್ಕೊಮ್ಮೆ ಕೂಡಿಸಿತು. ಕೊಡಗಿನ ಇತರ ಸಮುದಾಯಗಳೂ ಅದೇ ಮಾದರಿಯಲ್ಲಿ ಕುಟುಂಬವಾರು ಕ್ರಿಕೆಟ್ ಪಂದ್ಯಾವಳಿಗಳನ್ನು ನಡೆಸತೊಡಗಿದವು. ಆದರೆ ಆ ಬಾಗಿಲು ಹುಟ್ಟಿನಿಂದಲೇ ತೆರೆಯುವಂಥದು. ಊರಿನ ಕೂಗಿಗೆ ಅಂಥ ಬಾಗಿಲಿಲ್ಲ. ಆದರೆ ಅದನ್ನು ವರ್ಷವರ್ಷವೂ ಎತ್ತಿ ನಿಲ್ಲಿಸಲು ಹೊಣೆಹೊತ್ತ ಮನೆಯೂ ಇಲ್ಲ. ಶಾಲೆ, ಕಾಲೇಜು, ಊರಿನ ಕ್ಲಬ್ಬುಗಳೇ ಆ ಭಾರ ಹೊರಬೇಕು. ಅವು ಸೊರಗಿದರೆ, ಬಿದಿರಿನ ಕೋಲು ಹಿಡಿದು ಬರುವ ಮುಂದಿನ ಹುಡುಗನಿಗೆ ಆಡಲು ಜಾಗ ಸಿಕ್ಕರೂ ಹೆಸರು ಹಿಡಿದು ಕೂಗುವವರು ಸಿಗಲಾರರು.