ಗುಟುಕಿಗೂ ಲೆಕ್ಕವಿಟ್ಟ ರಾಜಧಾನಿ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಇಂದು ಯುರೋಪಿನ ಇತರ ದೊಡ್ಡ ಊರುಗಳಂತೆಯೇ ರಾತ್ರಿಯೆಲ್ಲ ಎಚ್ಚರವಾಗಿರುವ ಊರು. ಸ್ಟೂರೆಪ್ಲಾನ್ ಚೌಕದ ಸುತ್ತ ನೃತ್ಯದ ಕ್ಲಬ್ಬುಗಳು, ದಕ್ಷಿಣದ ಸೋಡರ್‌ಮಾಲ್ಮ್ ಬಡಾವಣೆಯಲ್ಲಿ ಸಾಲುಸಾಲು ಬಾರುಗಳು, ಹಳೆಯ ಪಟ್ಟಣದ ಕಲ್ಲುಹಾಸಿನ ಓಣಿಗಳಲ್ಲಿ ನೆಲಮಾಳಿಗೆಯ ಊಟದ ಮನೆಗಳು. ಆದರೆ ಅಲ್ಲಿನ ನಿವಾಸಿ ಮನೆಗೆ ಒಂದು ಸೀಸೆ ವೈನ್ ಒಯ್ಯಬೇಕೆಂದರೆ ಇರುವ ದಾರಿ ಹೆಚ್ಚುಕಡಿಮೆ ಒಂದೇ. ಅದು ಸರ್ಕಾರದ ಒಡೆತನದ ‘ಸಿಸ್ಟೆಂಬೊಲಾಗೆಟ್’ ಎಂಬ ಅಂಗಡಿ. ಶನಿವಾರ ಮಧ್ಯಾಹ್ನ ಸಾಮಾನ್ಯವಾಗಿ ಮೂರಕ್ಕೆಲ್ಲ ಅದರ ಬಾಗಿಲು ಮುಚ್ಚುತ್ತದೆ, ಭಾನುವಾರ ತೆರೆಯುವುದೇ ಇಲ್ಲ. ಬಾರಿನಲ್ಲಿ ಕುಳಿತು ಕುಡಿಯಲು 18 ವರ್ಷ ತುಂಬಿದ್ದರೆ ಸಾಕು. ಈ ಅಂಗಡಿಯಲ್ಲಿ ಕೊಳ್ಳಲು 20 ತುಂಬಿರಬೇಕು.

ವ್ಯಕ್ತಿಸ್ವಾತಂತ್ರ್ಯಕ್ಕೆ ಹೆಸರಾದ ದೇಶದಲ್ಲಿ ಇದೇಕೆ ಹೀಗೆ? ಉತ್ತರಕ್ಕಾಗಿ ಸುಮಾರು ಎರಡೂವರೆ ಶತಮಾನ ಹಿಂದೆ ಹೋಗಬೇಕು.

ರಾಜನ ಭಟ್ಟಿ, ಕವಿಯ ಪಡಖಾನೆ

ಹದಿನೆಂಟನೆಯ ಶತಮಾನದ ಸ್ಟಾಕ್‌ಹೋಮಿನ ರಾತ್ರಿಗಳು ಇಂದಿಗೂ ಜೀವಂತವಾಗಿರುವುದು ಕಾರ್ಲ್ ಮಿಕಾಯೆಲ್ ಬೆಲ್‌ಮನ್ (1740–1795) ಎಂಬ ಕವಿಯಿಂದ. ಕುಡಿದು ಹಾಳಾದ ಗಡಿಯಾರ ರಿಪೇರಿಗಾರ, ಪಡಖಾನೆಯ ಸುಂದರಿ, ಬೀದಿಯ ವಾದ್ಯಗಾರರು ಅವನ ಹಾಡುಗಳ ನಾಯಕ ನಾಯಕಿಯರು. ನಗು ಮತ್ತು ಸಾವು ಒಂದೇ ಮೇಜಿನಲ್ಲಿ ಕುಳಿತಿರುವ ಲೋಕ ಅದು. 1722ರಲ್ಲಿ ಆರಂಭವಾದ ‘ಡೆನ್ ಯುಲ್ಡೆನೆ ಫ್ರೀಡೆನ್’ ಎಂಬ ಊಟದ ಮನೆ ಆ ಕಾಲದ ನೆನಪಾಗಿ ಈಗಲೂ ಉಳಿದಿದೆ. ಚಿತ್ರಕಾರ ಆಂಡರ್ಸ್ ಸೋರ್ನ್ ಅದನ್ನು ಕೊಂಡು ಸ್ವೀಡಿಷ್ ಅಕಾಡೆಮಿಗೆ ಬಿಟ್ಟುಹೋದ. ಸಾಹಿತ್ಯದ ನೊಬೆಲ್ ಪ್ರಶಸ್ತಿ ನೀಡುವ ಅಕಾಡೆಮಿಯ ಸದಸ್ಯರು ಗುರುವಾರದ ಸಭೆ ಮುಗಿಸಿ ಊಟಕ್ಕೆ ಸೇರುವುದು ಅಲ್ಲಿಯೇ.

ಬೆಲ್‌ಮನ್ನನ ಆಶ್ರಯದಾತನಾದ ದೊರೆ ಮೂರನೆಯ ಗುಸ್ತಾವ್ ಮದ್ಯದಲ್ಲಿ ಕಂಡದ್ದು ಕಾವ್ಯವನ್ನಲ್ಲ, ಬೊಕ್ಕಸದ ವರಮಾನವನ್ನು. 1775ರಲ್ಲಿ ಅವನು ಬಟ್ಟಿ ಇಳಿಸುವ ಹಕ್ಕನ್ನು ಅರಮನೆಯ ಸೊತ್ತಾಗಿಸಿದ. ತಮ್ಮ ಹೊಲದ ಧಾನ್ಯದಿಂದ ತಾವೇ ಮದ್ಯ ಇಳಿಸಿಕೊಳ್ಳುತ್ತಿದ್ದ ರೈತರು ಸಿಡಿದೆದ್ದರು. ಕದ್ದು ಇಳಿಸುವುದು ಹೆಚ್ಚಿತು. 1787ರಲ್ಲಿ ದೊರೆ ಸೋತು ಏಕಸ್ವಾಮ್ಯವನ್ನು ಕೈಬಿಟ್ಟ. ಅದೇ ದೊರೆ 1792ರ ಮಾರ್ಚಿಯ ಒಂದು ರಾತ್ರಿ ಸ್ಟಾಕ್‌ಹೋಮಿನ ಆಪೆರಾ ಮಂದಿರದ ಮುಖವಾಡ ನೃತ್ಯಕೂಟದಲ್ಲಿ ಗುಂಡೇಟು ತಿಂದು, ಕೆಲವು ದಿನಗಳ ಬಳಿಕ ಪ್ರಾಣಬಿಟ್ಟ. ಅದಕ್ಕೆ ಕಾರಣ ಮದ್ಯವಲ್ಲ, ಶ್ರೀಮಂತ ಮನೆತನಗಳ ದ್ವೇಷ.

ಮುಂದಿನ ಶತಮಾನದಲ್ಲಿ ಆಲೂಗಡ್ಡೆಯಿಂದ ಅಗ್ಗವಾಗಿ ಮದ್ಯ ಇಳಿಸುವುದು ಹಬ್ಬಿ, ಕುಡಿತ ದೇಶದ ದೊಡ್ಡ ರೋಗವಾಯಿತು. 1860ರಲ್ಲಿ ಮನೆಭಟ್ಟಿಗಳು ಕಾನೂನುಬಾಹಿರವಾದವು. 1865ರಲ್ಲಿ ಯೋಟೆಬೋರಿ ನಗರ ಹೊಸದೊಂದು ಪ್ರಯೋಗಕ್ಕೆ ಇಳಿಯಿತು. ಪಡಖಾನೆಗಳನ್ನು ನಡೆಸಲು ಒಂದು ಕಂಪನಿ. ಅದರ ಪಾಲುದಾರರಿಗೆ ಮಿತವಾದ ಬಡ್ಡಿಯಷ್ಟೇ ಸಲ್ಲಬೇಕು, ಉಳಿದ ಲಾಭವೆಲ್ಲ ಸಾರ್ವಜನಿಕ ಕೆಲಸಕ್ಕೆ ಹೋಗಬೇಕು. ಗಿರಾಕಿಗೆ ಇನ್ನೊಂದು ಲೋಟ ಕುಡಿಸಿ ಲಾಭ ಪಡೆಯುವ ಆಸೆ ಮಾರುವವನಿಗೆ ಇರಕೂಡದು ಎಂಬುದು ಅದರ ಸಾರ. ಸ್ವೀಡನ್ನಿನ ಮದ್ಯನೀತಿಯ ಬೀಜ ಇದು. ಸ್ಟಾಕ್‌ಹೋಮೂ ಇದೇ ಹಾದಿ ಹಿಡಿಯಿತು.

ಅಷ್ಟರಲ್ಲಿ ರಾಜಧಾನಿಯ ಮಧ್ಯಮವರ್ಗಕ್ಕೆ ಬೇರೊಂದು ರಾತ್ರಿಲೋಕ ತೆರೆದಿತ್ತು. 1863ರಲ್ಲಿ ಆರಂಭವಾದ ‘ಬೆರ್ನ್ಸ್’ ಎಂಬ ವೈಭವದ ಸಭಾಂಗಣದ ಕೆಂಪು ಕೋಣೆಯಲ್ಲಿ ಬರಹಗಾರರೂ ಕಲಾವಿದರೂ ಸೇರುತ್ತಿದ್ದರು. 1879ರಲ್ಲಿ ಬಂದ ಆಗಸ್ಟ್ ಸ್ಟ್ರಿಂಡ್‌ಬರ್ಗನ ಕಾದಂಬರಿಯ ಹೆಸರೇ ‘ಕೆಂಪು ಕೋಣೆ’. ಅದೇ ವರ್ಷ ಅಮೆರಿಕದ ಪಾನನಿರೋಧ ಸಂಘವೊಂದು ಸ್ವೀಡನ್ನಿಗೆ ಕಾಲಿಟ್ಟದ್ದು ಕಾಕತಾಳೀಯ. ಕಾರ್ಮಿಕರು, ಸಣ್ಣ ರೈತರು, ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಅದನ್ನು ಸೇರಿದರು. ಸಭೆ ನಡೆಸುವುದು, ಭಾಷಣ ಮಾಡುವುದು, ಲೆಕ್ಕ ಬರೆಯುವುದು ಎಲ್ಲವನ್ನೂ ಬಡವರಿಗೆ ಕಲಿಸಿದ ಶಾಲೆ ಆ ಚಳವಳಿ.

ವೈದ್ಯರ ಪುಸ್ತಕ

ಸಂಪೂರ್ಣ ಪಾನನಿಷೇಧದ ಕೂಗು ಜೋರಾಗಿದ್ದಾಗ ಸ್ಟಾಕ್‌ಹೋಮಿನ ವೈದ್ಯ ಇವಾನ್ ಬ್ರಾಟ್ ನಡುದಾರಿಯೊಂದನ್ನು ಸೂಚಿಸಿದರು. ನಿಷೇಧಿಸಿದರೆ ಕಳ್ಳಭಟ್ಟಿ ಹುಟ್ಟುತ್ತದೆ, ಬಿಟ್ಟರೆ ಸಂಸಾರಗಳು ಹಾಳಾಗುತ್ತವೆ. ಆದ್ದರಿಂದ ಒಬ್ಬೊಬ್ಬರ ಕುಡಿತವನ್ನೂ ಪ್ರತ್ಯೇಕವಾಗಿ ಅಳೆದು ಕೊಡಬೇಕು ಎಂಬುದು ಅವರ ವಾದ. 1914ರಲ್ಲಿ ಸ್ಟಾಕ್‌ಹೋಮಿನಲ್ಲಿ ‘ಮೂಟ್‌ಬೂಕ್’ ಎಂಬ ಪುಟ್ಟ ಪುಸ್ತಕ ಜಾರಿಗೆ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಮದ್ಯದ ಪಡಿತರ ಚೀಟಿ. ಕೆಲವೇ ವರ್ಷಗಳಲ್ಲಿ ಅದು ದೇಶಕ್ಕೆಲ್ಲ ಹಬ್ಬಿತು.

ಪುಸ್ತಕ ಇದ್ದವರು ಗೊತ್ತುಪಡಿಸಿದ ಒಂದೇ ಅಂಗಡಿಯಲ್ಲಿ ಕೊಳ್ಳಬೇಕು. ಸಹಿ ಹಾಕಿದರೆ ಅದನ್ನು ತಾಳೆ ನೋಡಿ, ಮುದ್ರೆ ಒತ್ತಿ ಸೀಸೆ ಕೊಡುತ್ತಿದ್ದರು. ಕಟುಮದ್ಯದ ಮಿತಿ ಸ್ಟಾಕ್‌ಹೋಮಿನಲ್ಲಿ ತಿಂಗಳಿಗೆ ಹೆಚ್ಚೆಂದರೆ 4 ಲೀಟರ್. ಮುಂದೆ ಅದು 3ಕ್ಕೆ ಇಳಿಯಿತು. ಆದರೆ ಎಲ್ಲರಿಗೂ ಅಷ್ಟು ಸಿಗುತ್ತಿರಲಿಲ್ಲ. ಅರ್ಜಿದಾರನ ಆದಾಯ, ತೆರಿಗೆ, ನಡತೆಗಳನ್ನೆಲ್ಲ ವಿಚಾರಿಸಿ ಪ್ರಮಾಣ ಗೊತ್ತುಮಾಡುತ್ತಿದ್ದರು. ತೆರಿಗೆ ಬಾಕಿ ಇದ್ದವರಿಗೆ, ಬಡವರ ಸಹಾಯಧನ ಪಡೆಯುವವರಿಗೆ, ಕುಡಿದು ಪೊಲೀಸರ ಕೈಗೆ ಸಿಕ್ಕವರಿಗೆ ಪುಸ್ತಕ ಸಿಗದೆ ಹೋಗಬಹುದಿತ್ತು, ಇದ್ದದ್ದು ರದ್ದೂ ಆಗಬಹುದಿತ್ತು. ಮದುವೆಯಾದ ಹೆಣ್ಣಿಗೆ ಸಾಮಾನ್ಯವಾಗಿ ಪುಸ್ತಕವಿಲ್ಲ. ಗಂಡನ ಪುಸ್ತಕವೇ ಮನೆಯ ಪುಸ್ತಕ.

ಊಟದ ಮನೆಗಳಲ್ಲೂ ಅಳತೆ ತಪ್ಪಲಿಲ್ಲ. ಊಟ ತರಿಸಿದರೆ ಮಾತ್ರ ಮದ್ಯ. ಗಂಡಸಿಗೆ 15 ಸೆಂಟಿಲೀಟರ್, ಹೆಂಗಸಿಗೆ ಅದರಲ್ಲಿ ಅರ್ಧ. ಯಾರೂ ತಿನ್ನದ ಅದೇ ಒಂದು ತಟ್ಟೆ ತಿಂಡಿ ನೆಪಕ್ಕಾಗಿ ಮೇಜಿನಿಂದ ಮೇಜಿಗೆ ಪ್ರಯಾಣಿಸುತ್ತಿತ್ತು ಎಂಬ ತಮಾಷೆಯ ಕಥೆಗಳು ಆ ಕಾಲದಿಂದ ಬಂದಿವೆ. ಒಂದು ರಾತ್ರಿ, ಒಂದು ಮೇಜು, ಕುಳಿತು ಉಣ್ಣುವ ಗಿರಾಕಿ: ಇದು ರಾಜಧಾನಿಯ ಸಂಜೆಯ ಸ್ವರೂಪವಾಯಿತು. ನಿಂತು ಕುಡಿದು ಹರಟುವ ಬಾರು ಅಲ್ಲಿ ಬೇರೂರಲು ದಶಕಗಳೇ ಬೇಕಾದವು.

ಹೆಣ್ಣಿನ ಮತ, ಗಂಡಿನ ಮತ

ನಿಷೇಧವಾದಿಗಳಿಗೆ ಇದೂ ಸಾಲಲಿಲ್ಲ. 1922ರ ಆಗಸ್ಟ್ 27ರಂದು ಸ್ವೀಡನ್ನಿನ ಮೊತ್ತಮೊದಲ ರಾಷ್ಟ್ರೀಯ ಜನಮತಗಣನೆ ನಡೆಯಿತು. ಪ್ರಶ್ನೆ ಪಾನನಿಷೇಧ ಬೇಕೇ ಬೇಡವೇ ಎಂಬುದು. ಆಗಸ್ಟ್ ತಿಂಗಳು ಅಲ್ಲಿ ಕ್ರೇಫಿಶ್ ಎಂಬ ಸಿಹಿನೀರಿನ ಸೀಗಡಿಯ ಔತಣದ ಕಾಲ. ಕಲಾವಿದ ಆಲ್ಬರ್ಟ್ ಎಂಗ್‌ಸ್ಟ್ರೋಮ್ ರಚಿಸಿದ ಭಿತ್ತಿಪತ್ರ, ಬೇಡ ಎನ್ನದಿದ್ದರೆ ಈ ಔತಣವೇ ನಿಮಗಿಲ್ಲ ಎಂದು ಮತದಾರರನ್ನು ಹೆದರಿಸಿತು. ಸುಮಾರು ಶೇಕಡಾ 51 ಮತ ಬೇಡವೆಂದಿತು, ಶೇಕಡಾ 49 ಬೇಕೆಂದಿತು.

ಗಂಡಸರ ಮತ್ತು ಹೆಂಗಸರ ಮತಗಳನ್ನು ಬೇರೆ ಬೇರೆಯಾಗಿಯೇ ಎಣಿಸಿದ್ದರು. ಗಂಡಸರಲ್ಲಿ ಸುಮಾರು ಶೇಕಡಾ 59 ಮಂದಿ ನಿಷೇಧ ಬೇಡವೆಂದರೆ, ಹೆಂಗಸರಲ್ಲಿ ಶೇಕಡಾ 58ಕ್ಕೂ ಹೆಚ್ಚು ಮಂದಿ ಬೇಕೆಂದಿದ್ದರು. ಹೆಂಗಸರು ಸಂಸತ್ ಚುನಾವಣೆಯಲ್ಲಿ ಮೊದಲ ಬಾರಿ ಮತ ಹಾಕಿ ಒಂದು ವರ್ಷವೂ ತುಂಬಿರಲಿಲ್ಲ. ಗಂಡಸಿನ ರಾತ್ರಿಯ ಬೆಲೆಯನ್ನು ಬೆಳಿಗ್ಗೆ ತೆರುವವರು ಯಾರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಚರಿತ್ರೆಯಲ್ಲಿ ಅಪರೂಪ. ನೆರೆಯ ಫಿನ್ಲೆಂಡ್ 1919ರಿಂದ 1932ರವರೆಗೆ ಪೂರ್ಣ ನಿಷೇಧ ಹೇರಿ, ಕಳ್ಳಸಾಗಣೆಯ ಎದುರು ಕೈಚೆಲ್ಲಿತು. ಸ್ವೀಡನ್ ಬ್ರಾಟ್ ಪದ್ಧತಿಯಲ್ಲೇ ಉಳಿಯಿತು.

ಪುಸ್ತಕ ಹೋಯಿತು, ಅಂಗಡಿ ಉಳಿಯಿತು

1955ರ ಅಕ್ಟೋಬರ್ 1ರಂದು ಪಡಿತರ ಪುಸ್ತಕ ರದ್ದಾಯಿತು. ಊರೂರಿನ ಮದ್ಯ ಕಂಪನಿಗಳು ಒಂದಾಗಿ ಇಂದಿನ ಸಿಸ್ಟೆಂಬೊಲಾಗೆಟ್ ರೂಪುಗೊಂಡಿತು. ಬಿಡುಗಡೆಯ ಸಂಭ್ರಮದ ಬೆನ್ನಿಗೇ ಕುಡಿತ ಏರಿತು. ಕುಡಿದು ಬೀದಿಯಲ್ಲಿ ಬಿದ್ದು ಬಂಧನಕ್ಕೊಳಗಾಗುವವರು, ಆಸ್ಪತ್ರೆ ಸೇರುವವರು ಹೆಚ್ಚಿದರು. ಸರ್ಕಾರ ತೆರಿಗೆ ಏರಿಸಿ ಹಿಡಿತಕ್ಕೆ ತರಬೇಕಾಯಿತು. ಅಂದಿನಿಂದ ಲೋಟ ಅಳೆಯುವ ಕೆಲಸವನ್ನು ಗುಮಾಸ್ತನ ಬದಲು ಬೆಲೆ ಮಾಡತೊಡಗಿತು.

ಆಮೇಲಿನದು ಹಗ್ಗಜಗ್ಗಾಟದ ಕಥೆ. 1980ರ ದಶಕದ ಆರಂಭದಲ್ಲಿ ಶನಿವಾರವೂ ಅಂಗಡಿ ಮುಚ್ಚಿಸಿದರು. 2001ರಲ್ಲಿ ದೇಶದಾದ್ಯಂತ ಮತ್ತೆ ತೆರೆದರು. 1995ರಲ್ಲಿ ಸ್ವೀಡನ್ ಯುರೋಪಿಯನ್ ಒಕ್ಕೂಟ ಸೇರಿದಾಗ ಮದ್ಯದ ತಯಾರಿಕೆ, ಆಮದು, ಸಗಟು ವ್ಯಾಪಾರದ ಏಕಸ್ವಾಮ್ಯ ಹೋಯಿತು. ಚಿಲ್ಲರೆ ಮಾರಾಟದ್ದು ಮಾತ್ರ ಉಳಿಯಿತು. 1997ರಲ್ಲಿ ಒಕ್ಕೂಟದ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 2025ರ ಜೂನ್‌ನಿಂದ ಸಣ್ಣ ತಯಾರಕರು ತಮ್ಮಲ್ಲಿಗೆ ಭೇಟಿ ನೀಡುವವರಿಗೆ ಮಿತ ಪ್ರಮಾಣದಲ್ಲಿ ಮಾರಬಹುದಾಗಿದೆ.

ಕುಣಿತಕ್ಕೂ ಕಟ್ಟುಪಾಡು ಇತ್ತು. 1940ರ ದಶಕದಲ್ಲಿ, ಯುವಜನರ ನೃತ್ಯದ ಅಂಗಣಗಳೇ ಅನೀತಿಯ ಮೂಲವೆಂದು ದೊಡ್ಡ ಗುಲ್ಲೆದ್ದಿತ್ತು. ಸಾರ್ವಜನಿಕ ನೃತ್ಯ ಏರ್ಪಡಿಸಲು ಪೊಲೀಸರ ಪರವಾನಗಿ ಬೇಕೆಂಬ ನಿಯಮ ಕೊನೆಗೊಂಡದ್ದು 2023ರ ಜುಲೈ 1ರಂದು. ಅಲ್ಲಿಯವರೆಗೂ ಪರವಾನಗಿ ಇಲ್ಲದ ಬಾರಿನಲ್ಲಿ ಗಿರಾಕಿಗಳು ಎದ್ದು ಕುಣಿದರೆ ತೊಂದರೆ ಮಾಲೀಕನಿಗೆ.

ಬ್ರಾಟ್ ಪದ್ಧತಿಯಲ್ಲಿ ಎರಡು ಎಳೆಗಳಿದ್ದವು. ಕುಡಿಯುವವನ ಯೋಗ್ಯತೆಯನ್ನು ಅಧಿಕಾರಿ ಅಳೆಯುವುದು ಒಂದು. ಅದು ಬಡವನನ್ನೂ ಹೆಣ್ಣನ್ನೂ ಅರ್ಧ ಪ್ರಜೆಗಳಂತೆ ಕಂಡಿತು. ಜನ ಅದನ್ನು ಕಿತ್ತೊಗೆದರು. ಒಬ್ಬನ ಅಮಲು ಇನ್ನೊಬ್ಬನ ಲಾಭವಾಗಬಾರದು ಎಂಬುದು ಇನ್ನೊಂದು. ಅದನ್ನು ಅವರು ಇಂದಿಗೂ ಬಿಟ್ಟಿಲ್ಲ. ಬೆಳಗಿನ ಜಾವದವರೆಗೆ ದೀಪ ಆರದ ಆ ಊರಿನಲ್ಲಿ ಶನಿವಾರ ಮಧ್ಯಾಹ್ನ ಮದ್ಯದಂಗಡಿಯ ಮುಂದೆ ಕಾಣುವ ಅವಸರ, ಆ ಹಳೆಯ ನಿರ್ಧಾರಕ್ಕೆ ಜನ ತೆರುತ್ತಿರುವ ಸುಂಕ.